ಒಂದು ಹಿಡಿ ಉಣ್ಣೆ

ನಮ್ಮ ಮನೆಯಲ್ಲಿ ಉಣ್ಣೆ ಎಂದರೆ ಕುರಿಯ ತುಪ್ಪಟ, ಅಷ್ಟೇ. ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದು ಹನ್ನೆರಡು ವರ್ಷ ತುಂಬುವವರೆಗೂ ನನಗೆ ಗೊತ್ತಿರಲಿಲ್ಲ. ಕೊನೆಗೆ ಗೊತ್ತಾದದ್ದು ಇಪ್ಪತ್ತೆರಡು ಹುಡುಗಿಯರ ಎದುರಿಗೆ. ಅವರಲ್ಲಿ ನಗದೆ ಇದ್ದವಳು ಒಬ್ಬಳೂ ಇಲ್ಲ.

ಲಷ್ಕರ್ ಮೊಹಲ್ಲಾದಲ್ಲಿ ಅಪ್ಪನಿಗೆ ಕಂಬಳಿ ಅಂಗಡಿ ಇತ್ತು. ಬೀದಿಯ ಕಡೆಗೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಬಚ್ಚಲು ಮತ್ತು ಒಂದಿಷ್ಟು ಹಿತ್ತಲು. ಅಂಗಡಿಗೂ ಮನೆಗೂ ನಡುವೆ ಬಾಗಿಲು ಇತ್ತೇ ಹೊರತು ಉಣ್ಣೆಗೆ ಅದರ ಮರ್ಯಾದೆ ಇರಲಿಲ್ಲ. ಅದು ದೇವರ ಮನೆಗೂ ಬರುತ್ತಿತ್ತು, ಸಾರಿಗೂ ಬರುತ್ತಿತ್ತು. ಅನ್ನದಲ್ಲಿ ಎಳೆ ಸಿಕ್ಕಿದರೆ ಬೇರೆಯವರ ಮನೆಯಲ್ಲಿ ಜಗಳವಾಗುತ್ತದೆ. ನಮ್ಮ ಅಪ್ಪ ಅದನ್ನು ಬೆಳಕಿಗೆ ಹಿಡಿದು ಕುರಿ ಯಾವ ಸೀಮೆಯದು ಎಂದು ಹೇಳಿ, ಊಟ ಮುಂದುವರಿಸುತ್ತಿದ್ದರು.

ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಮನೆಯ ಯಜಮಾನಿ. ಆ ವರ್ಷ ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹಾಗಾಗಿ ನನ್ನ ಜಡೆ, ನನ್ನ ಊಟ, ನನ್ನ ಸ್ನಾನ ಎಲ್ಲ ಅಜ್ಜಿಯ ಕೈಗೆ ಬಂದಿದ್ದವು. ನನ್ನ ಓದು ಮಾತ್ರ ಮೊದಲಿನಿಂದಲೂ ಅವಳ ಕೈಯಲ್ಲೇ ಇತ್ತು. ಹುಡುಗಿ ಬೆಳೆದಳು, ಅಕ್ಷರ ಬಂತು, ಇನ್ನು ಸಾಕು ಎಂದು ಅವಳು ಹಿಂದಿನ ಬೇಸಿಗೆಯಲ್ಲೇ ತೀರ್ಮಾನಿಸಿದ್ದಳು. ನಾನು ಎರಡು ದಿನ ಊಟ ಬಿಟ್ಟೆ. ಅಪ್ಪ ತಾಯಿಯ ಮಾತಿಗೆ ಎದುರಾಡುವವರಲ್ಲ. ಅವರು ಅಂಗಡಿಯಲ್ಲಿ ಕೂತು ಮಡಿಸಿದ ಕಂಬಳಿಗಳನ್ನೇ ಮತ್ತೆ ಮತ್ತೆ ಮಡಿಸಿದರು. ಮೂರನೆಯ ದಿನ ಅಜ್ಜಿ ಒಂದು ಮೆಟ್ಟಿಲು ಇಳಿದಳು.

“ಈ ಒಂದು ವರ್ಸ ಹೋಗ್ಲಿ. ಸ್ಕೂಲಿಂದ ಒಂದು ಕಾಯಿಲೆ ತಂದ್ಲೋ, ಒಂದು ದೂರು ತಂದ್ಲೋ, ಅವತ್ತಿಗೆ ಮುಗೀತು. ಆಮೇಲೆ ನನ್ನ ಹತ್ರ ಮೂತಿ ಉಬ್ಬಿಸ್ಕೊಂಡು ಬರ್ಬಾರ್ದು.”

ನಾನು ಒಪ್ಪಿದೆ. ಆ ವಯಸ್ಸಿನಲ್ಲಿ ಯಾವುದಕ್ಕೆ ಬೇಕಾದರೂ ಒಪ್ಪುತ್ತಿದ್ದೆ. ಸ್ಕೂಲು ಎಂದರೆ ನನಗೆ ಪುಸ್ತಕವಷ್ಟೇ ಆಗಿರಲಿಲ್ಲ. ಆ ವರ್ಷ ಹೊಸದಾಗಿ ಪ್ರಕೃತಿ ಪಾಠ ಎಂಬುದೊಂದು ಬಂದಿತ್ತು. ತಿಂಗಳಿಗೊಮ್ಮೆ ನಮ್ಮನ್ನು ಊರ ಹೊರಗೆ ಕರೆದುಕೊಂಡು ಹೋಗಿ ಎಲೆ, ಹೂವು, ಬೀಜ, ಹಕ್ಕಿಯ ಗರಿ ಎಲ್ಲ ಆರಿಸಲು ಬಿಡುತ್ತಿದ್ದರು. ಮನೆಯಿಂದ ಸ್ಕೂಲು, ಸ್ಕೂಲಿಂದ ಮನೆ, ಇಷ್ಟನ್ನೇ ಕಂಡಿದ್ದ ನನಗೆ ಬಯಲಿನಲ್ಲಿ ಓಡುವುದು ಎಂದರೆ ಏನು ಎಂದು ಆಗಲೇ ತಿಳಿದದ್ದು. ತಂದ ಎಲೆಗಳನ್ನು ಅಪ್ಪನ ಕಂಬಳಿ ಅಟ್ಟಿಯ ಕೆಳಗೆ ಒತ್ತಿಡುತ್ತಿದ್ದೆ. ಅಷ್ಟು ಚೆನ್ನಾಗಿ ಒಣಗಿದ ಎಲೆಗಳು ಇಡೀ ತರಗತಿಯಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಈ ಮಾತನ್ನು ಈಗಲೂ ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಪಾಠ ಮಾಡುತ್ತಿದ್ದವರನ್ನು ನಾವು ಮಿಸ್ಸಮ್ಮ ಎನ್ನುತ್ತಿದ್ದೆವು. ತಲೆಮಾರುಗಳಿಂದ ಮೈಸೂರಿನಲ್ಲೇ ನೆಲೆಸಿದ್ದ ಕ್ಯಾಥೊಲಿಕ್ ಕುಟುಂಬದವರು. ಭಾನುವಾರ ಚರ್ಚು, ಉಳಿದ ಆರು ದಿನ ನಾವು. ಸೆರಗಿಗೆ ಪಿನ್ನು ಚುಚ್ಚಿ, ಬಿಳಿ ಸೀರೆಯಲ್ಲಿ ನೆಟ್ಟಗೆ ನಿಲ್ಲುತ್ತಿದ್ದರು. ಅವರ ಅಣ್ಣ ದನಗಳ ಆಸ್ಪತ್ರೆಯಲ್ಲಿ ಕಾಂಪೌಂಡರು. ಹಾಗಾಗಿ ಹಸು ಎಮ್ಮೆಗಳ ಕಾಯಿಲೆಗಳೆಲ್ಲ ಅವರಿಗೆ ಬಾಯಿಪಾಠ. ಕ್ಲಾಸಿನಲ್ಲಿ ಯಾರಾದರೂ ಕೆಮ್ಮಿದರೆ ಮೊದಲು ದನದ ಕೆಮ್ಮಿನ ವಿಷಯವನ್ನೇ ಹೇಳುತ್ತಿದ್ದರು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಶೀತ ಹಿಡಿದು ನಾನು ಎರಡು ದಿನ ಸ್ಕೂಲಿಗೆ ಹೋಗಲಿಲ್ಲ. ಮುಂದಿನ ಹೊರಸಂಚಾರದ ವಿಷಯವನ್ನು ಮಿಸ್ಸಮ್ಮ ವಿವರವಾಗಿ ಹೇಳಿದ್ದು ಆ ಎರಡು ದಿನಗಳಲ್ಲೇ. ನನಗೆ ಬಂದದ್ದು ಪಕ್ಕದ ಬೀದಿಯ ಗೆಳತಿ ತಂದುಕೊಟ್ಟ ಚೀಟಿ ಮಾತ್ರ. ಅಪ್ಪ ಕನ್ನಡಕ ಹಾಕಿಕೊಂಡು, ಅಜ್ಜಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು.

“ಶನಿವಾರ ಬೆಳಿಗ್ಗೆ ಮಕ್ಕಳನ್ನು ಮೇಟಗಳ್ಳಿ ಕಡೆಯ ಗೋಮಾಳಕ್ಕೆ ಕರೆದೊಯ್ಯಲಾಗುವುದು. ಅಲ್ಲಿ ಉಣ್ಣೆ ಬಹಳ. ತಕ್ಕ ಬಟ್ಟೆ ತೊಡಿಸಿ ಕಳುಹಿಸತಕ್ಕದ್ದು.”

ಅಪ್ಪನ ಕಣ್ಣು ಅರಳಿತು. ಎರಡನೆಯ ವಾಕ್ಯವನ್ನು ಮತ್ತೊಮ್ಮೆ ಓದಿದರು.

“ಮೇಟಗಳ್ಳೀಲಿ ಉಣ್ಣೆ ಬಹಳವಂತೆ ಕಣವ್ವ! ಇಷ್ಟು ವರ್ಷದಿಂದ ವ್ಯಾಪಾರ ಮಾಡ್ತಿದ್ದೀನಿ, ನನಗೆ ಯಾರೂ ಹೇಳಲಿಲ್ವಲ್ಲ.”

“ಎಣ್ಣುಮಕ್ಕಳನ್ನ ಉಣ್ಣೆ ನೋಡಾಕೆ ಕರ್ಕೊಂಡೋಯ್ತಾರಾ?” ಎಂದಳು ಅಜ್ಜಿ.

“ಹೋಗ್ಲಿ ಬುಡವ್ವ. ಸ್ಕೂಲಲ್ಲಿ ಕೊನೆಗೂ ಒಂದು ಉಪಯೋಗದ ವಿಷಯ ಹೇಳಿಕೊಡ್ತಿದ್ದಾರೆ.”

ತಕ್ಕ ಬಟ್ಟೆ ಎಂದು ಬೇರೆ ಬರೆದಿತ್ತು. ಶೀತ ಬಿಟ್ಟು ಒಂದು ದಿನವಾಗಿತ್ತಷ್ಟೇ. ಅಜ್ಜಿ ಪೆಟ್ಟಿಗೆಯಿಂದ ಕಪ್ಪು ಕಂಬಳಿಯಲ್ಲಿ ಹೊಲಿಸಿದ ದೊಗಳೆ ಕೋಟೊಂದನ್ನು ತೆಗೆದಳು. ಅದು ಯಾರಿಗಾಗಿ ಹೊಲಿಸಿದ್ದೋ ಗೊತ್ತಿಲ್ಲ, ನನಗಂತೂ ಮೊಣಕಾಲಿನವರೆಗೆ ಬರುತ್ತಿತ್ತು. ಅಪ್ಪ ಒಂದು ಬಟ್ಟೆಯ ಚೀಲ ಕೊಟ್ಟು, “ಒಂದೇ ಒಂದು ಹಿಡಿ ಉಣ್ಣೆ ತಕ್ಕೊಂಡು ಬಾ ಮಗಳೇ. ಎಳೆ ನೋಡಿದರೆ ಸಾಕು, ಮಿಕ್ಕಿದ್ದು ನಾನು ಹೇಳ್ತೀನಿ” ಎಂದರು.

ಶನಿವಾರ ಸ್ಕೂಲಿನ ಅಂಗಳಕ್ಕೆ ಹೋದರೆ ಎಲ್ಲ ಹುಡುಗಿಯರೂ ತಿಳಿ ಬಣ್ಣದ ಬಟ್ಟೆಯಲ್ಲಿದ್ದರು. ಬಿಳಿ, ಹಾಲುಬಿಳಿ, ತಿಳಿ ಹಳದಿ. ಉದ್ದ ತೋಳಿನ ರವಿಕೆ. ಲಂಗದ ಅಂಚನ್ನು ಕಣಕಾಲಿಗೆ ಲಾಡಿಯಿಂದ ಕಟ್ಟಿಕೊಂಡಿದ್ದರು. ಅವರ ನಡುವೆ ನಾನು ಕರಡಿಯ ಹಾಗೆ ನಿಂತಿದ್ದೆ. ಮಿಸ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಶೀತ ಬಿಟ್ಟ ಮಗು, ಚಳಿಗೆ ಹಾಕಿಕೊಂಡಿರಬೇಕು ಎಂದು ಸುಮ್ಮನಾದರು. ಎರಡು ಎತ್ತಿನ ಗಾಡಿಗಳಲ್ಲಿ ರೈಲ್ವೆ ಸ್ಟೇಷನ್ ದಾಟಿ, ಇನ್ನೂ ಮುಂದೆ ಹೋಗಿ, ಮೇಟಗಳ್ಳಿ ಹತ್ತಿರವಾಗುತ್ತಿದ್ದಂತೆ ಇಳಿದೆವು. ಆಗ ಅಲ್ಲಿ ಒಂದು ಹಳ್ಳಿ, ಹೊಲ, ಹುಲ್ಲು, ದನ, ಇಷ್ಟೇ ಇದ್ದದ್ದು.

ಗಾಡಿಯಿಂದ ಇಳಿದವಳೇ ನಾನು ಕುರಿಗಳಿಗಾಗಿ ಕಣ್ಣಾಡಿಸಿದೆ. ಒಂದೂ ಕಾಣಲಿಲ್ಲ. ಚೀಲ ಹಿಡಿದುಕೊಂಡು ನೇರವಾಗಿ ಮಿಸ್ಸಮ್ಮನ ಬಳಿಗೆ ಹೋದೆ.

“ಮಿಸ್ಸಮ್ಮ, ಉಣ್ಣೆ ಎಲ್ಲಿ ಸಿಗುತ್ತೆ? ನಮ್ಮಪ್ಪ ಒಂದು ಹಿಡಿ ತರೋಕೆ ಹೇಳಿದ್ದಾರೆ.”

ಅವರು ನನ್ನ ಮುಖವನ್ನೇ ನೋಡಿದರು. “ಒಂದು ಹಿಡಿಯಾ?”

“ಹೂಂ ಮಿಸ್ಸಮ್ಮ. ಚೆನ್ನಾಗಿದ್ರೆ ಆಮೇಲೆ ಗಾಡಿ ತಗೊಂಡು ಬಂದು ಜಾಸ್ತಿ ಒಯ್ತಾರಂತೆ.”

“ಗಾಡಿ ತಗೊಂಡು? ಉಣ್ಣೇನ? ಏನು ಮಾಡ್ತಾರಮ್ಮ ಅಷ್ಟೊಂದು ಉಣ್ಣೇನ?”

“ಕಂಬಳಿ ನೇಯಿಸ್ತಾರೆ.”

ಮೊದಲು ನಕ್ಕವಳು ಚೀಟಿ ತಂದುಕೊಟ್ಟ ಗೆಳತಿಯೇ. ಆಮೇಲೆ ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗಾಡಿಯವನೂ ಎತ್ತಿನ ಆಚೆ ಬದಿಗೆ ತಿರುಗಿಕೊಂಡ. ಮಿಸ್ಸಮ್ಮ ಮಾತ್ರ ತುಟಿ ಬಿಗಿದು, ಒಂದು ಹುಲ್ಲಿನ ಎಸಳಿನ ಬಳಿ ನನ್ನನ್ನು ಕರೆದೊಯ್ದು ತೋರಿಸಿದರು. ಅದರ ತುದಿಯಲ್ಲಿ ಎಳ್ಳಿನಷ್ಟು ದೊಡ್ಡ ಕಂದು ಹುಳವೊಂದು ಮುಂಗಾಲುಗಳನ್ನು ಮೇಲಕ್ಕೆ ಚಾಚಿಕೊಂಡು ಕೂತಿತ್ತು. ಎತ್ತಿಕೋ ಎಂದು ಕೈ ಚಾಚುವ ಮಗುವಿನ ಭಂಗಿ.

“ಇದು ಉಣ್ಣೆ. ದನ, ನಾಯಿ, ಮನುಷ್ಯರು, ಯಾರು ಹತ್ತಿರ ಹೋದರೂ ಅವರನ್ನ ಹಿಡ್ಕೊಳ್ಳುತ್ತೆ. ಕಚ್ಚಿ ರಕ್ತ ಕುಡಿಯುತ್ತೆ. ಕೆಲವಕ್ಕೆ ಜ್ವರ ಅಂಟಿಸೋ ಗುಣ ಇದೆ. ನೀನು ಅವತ್ತು ಕ್ಲಾಸಿನಲ್ಲಿ ಇರಲಿಲ್ಲ ಅಲ್ವಾ?”

ಬಿಳಿ ಬಟ್ಟೆ ಏಕೆ ಎಂದು ಆಗ ತಿಳಿಯಿತು. ಬಿಳಿಯ ಮೇಲೆ ಹುಳ ಹತ್ತಿದರೆ ಕಾಣುತ್ತದೆ, ಕೊಡವಬಹುದು. ನನ್ನ ಕಪ್ಪು ಕಂಬಳಿಯ ಮೇಲೆ ಏನು ಹತ್ತಿದರೂ ಕಾಣುವುದಿಲ್ಲ, ಮೇಲಾಗಿ ಅದರ ನವಿರು ಹುಳಕ್ಕೆ ಒಳ್ಳೆಯ ಏಣಿ. ಕಾಲುದಾರಿಯ ನಡುವೆಯೇ ನಡೆಯಿರಿ, ಅಂಚಿನ ಹುಲ್ಲನ್ನು ಸವರಬೇಡಿ, ದನ ಮಲಗುವ ಮರದಡಿ ಕೂರಬೇಡಿ ಎಂದು ಮಿಸ್ಸಮ್ಮ ದಾರಿಯುದ್ದಕ್ಕೂ ಹೇಳಿದರು. ನಾನು ಅವಮಾನದಿಂದ ಕುದಿಯುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಇಷ್ಟು ವಯಸ್ಸಾದರೂ ಅಲ್ಲಿಂದ ಇಳಿದಿಲ್ಲ. ಎಲ್ಲರೂ ನಡುವೆ ನಡೆಯುತ್ತಾರೆಂಬ ಕಾರಣಕ್ಕೇ ನಾನು ಅಂಚಿನಲ್ಲಿ ನಡೆದೆ. ಅಂಥ ಜಾಣತನಕ್ಕೆ ಯಾವ ಸ್ಕೂಲಿನಲ್ಲೂ ಬಹುಮಾನ ಕೊಡುವುದಿಲ್ಲ.

ಹಿಂತಿರುಗಿದ ಮೇಲೆ ಸ್ಕೂಲಿನ ಕೋಣೆಯಲ್ಲಿ ಬಾಗಿಲು ಹಾಕಿ, ಇಬ್ಬಿಬ್ಬರಾಗಿ ಒಬ್ಬರ ಮೈಯನ್ನೊಬ್ಬರು ನೋಡಬೇಕು ಎಂದು ಮಿಸ್ಸಮ್ಮ ಹೇಳಿದರು. ಕಿವಿಯ ಹಿಂದೆ, ಕತ್ತು, ಕಂಕುಳು, ಸೊಂಟ, ಮಂಡಿಯ ಹಿಂಭಾಗ. ನನ್ನ ಜೋಡಿಯಾಗಿ ಬಂದವಳು ಅದೇ ಗೆಳತಿ. ಕೋಟಿನ ಮೇಲೆ ಮೂರು ಹುಳಗಳನ್ನು ಹುಡುಕಿ ತೆಗೆದು, “ಉಣ್ಣೆ ಮೇಲೆ ಉಣ್ಣೆ!” ಎಂದು ಕೂಗಿದಳು. ಮತ್ತೆ ನಗು. ನಾನು ಕೋಟನ್ನು ಕಿತ್ತು ಕೊಡವಿ ಸುತ್ತಿಕೊಂಡು, “ಇನ್ನೇನೂ ಇಲ್ಲ, ಬುಡೇ” ಎಂದು ಅವಳನ್ನು ದೂರ ತಳ್ಳಿದೆ. ಮಿಸ್ಸಮ್ಮ ಕೇಳಿದಾಗ ನೋಡಿಯಾಯಿತು ಎಂದೆ. ಅದು ಸುಳ್ಳು.

ಮನೆಯಲ್ಲಿ ಅಪ್ಪ ಗಿರಾಕಿಯನ್ನು ಬಿಟ್ಟು ಎದ್ದು ಬಂದರು.

“ತಂದ್ಯಾ ಉಣ್ಣೆ?”

ನಡೆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. “ಇಲ್ಲಪ್ಪ. ಅಲ್ಲಿಯ ಉಣ್ಣೆ ಚೆನ್ನಾಗಿಲ್ಲ.”

“ಬಣ್ಣ?”

“ಕಂದು.”

“ಎಳೆ ಉದ್ದವೋ ಗಿಡ್ಡವೋ?”

“ತುಂಬಾ ಗಿಡ್ಡ.”

“ಮೆತ್ತಗಿತ್ತಾ?”

“ಇಲ್ಲಪ್ಪ, ಗಟ್ಟಿ. ಬೇಡ ಅಂದ್ರೂ ಬಿಡಲ್ಲ, ಅಂಟ್ಕೊಳ್ಳುತ್ತೆ.”

ಅಪ್ಪ ಗಂಭೀರವಾಗಿ ತಲೆಯಾಡಿಸಿದರು. “ಜಿಡ್ಡು ಜಾಸ್ತಿ ಅಂತ ಕಾಣುತ್ತೆ. ಕೆಲಸಕ್ಕೆ ಬಾರದ್ದು.” ಗಿರಾಕಿಗೂ ಅದನ್ನೇ ಹೇಳಿದರು. ಮೇಟಗಳ್ಳಿಯ ಉಣ್ಣೆಯ ಹೆಸರು ಹೀಗೆ ನನ್ನಿಂದ ಕೆಟ್ಟಿತು.

ಭಾನುವಾರ ಬೆಳಿಗ್ಗೆ ಎಡ ಮಂಡಿಯ ಹಿಂದೆ ತುರಿಸಿತು. ಕೈ ಹಾಕಿದರೆ ಒಂದು ಚಿಕ್ಕ ಗುಳ್ಳೆ. ಹಿತ್ತಲಿಗೆ ಹೋಗಿ ಕನ್ನಡಿ ಹಿಡಿದು ನೋಡಿದೆ. ಗುಳ್ಳೆಗೆ ಕಾಲುಗಳಿದ್ದವು.

ಆ ದಿನವಿಡೀ ನಾನು ಪಟ್ಟ ಪಾಡು ಯಾರಿಗೂ ಬೇಡ. ಕಚ್ಚಿದ್ದನ್ನು ಬೆರಳಿನಿಂದ ಕೀಳಬಾರದು, ಅದರ ಬಾಯಿ ಒಳಗೇ ಉಳಿದೀತು ಎಂದಿದ್ದರು ಮಿಸ್ಸಮ್ಮ. ಹೆಚ್ಚು ಹೊತ್ತು ಬಿಟ್ಟಷ್ಟೂ ಅಪಾಯ ಹೆಚ್ಚು, ಕೂಡಲೇ ದೊಡ್ಡವರಿಗೆ ಹೇಳಿ ಎಂದೂ ಅಂದಿದ್ದರು. ನಮ್ಮ ಮನೆಯ ದೊಡ್ಡವರಿಗೆ ಹೇಳುವುದು ಎಂದರೆ ಸ್ಕೂಲಿನಿಂದ ಕಾಯಿಲೆ ತಂದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಒತ್ತಿಟ್ಟ ಎಲೆಗಳು, ಮಿಸ್ಸಮ್ಮ, ಪರೀಕ್ಷೆ, ಬಯಲು, ಎಲ್ಲಕ್ಕೂ ಅಲ್ಲಿಗೇ ಕೊನೆ. ಹೇಳದಿದ್ದರೆ ಹುಳ ಕುಡಿಯುತ್ತಲೇ ಇರುತ್ತದೆ. ಮಂಡಿ ಮಡಿಸಲೂ ಭಯ, ನೀಡಲೂ ಭಯ. ಕೋಲಿನಂತೆ ಕಾಲು ಚಾಚಿಕೊಂಡು ಊಟಕ್ಕೆ ಕೂತೆ. ಅಜ್ಜಿ ಬೈದರೂ ಸರಿಯಾಗಿ ಕೂರಲಿಲ್ಲ.

ಸೋಮವಾರ ಶಿವನ ವಾರ, ತಲೆಗೆ ಎರೆಯುವ ದಿನ. ಅಜ್ಜಿ ಎಣ್ಣೆ ಬಟ್ಟಲು ಹಿಡಿದು ಕರೆದಳು. ನಾನು ಒಲ್ಲೆ ಎಂದೆ.

“ಯಾಕೆ?”

“ಶೀತ.”

“ಮೂಗು ಸೋರ್ತಿಲ್ಲ, ಕೆಮ್ಮಿಲ್ಲ. ನಿನ್ನೆಯಿಂದ ಆ ಕಾಲು ಯಾಕೆ ಅಂಗೆ ಚಾಚ್ಕೊಂಡಿದ್ದೀಯ? ತೋರ್ಸು.”

ಆ ಕ್ಷಣದಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಮುಳ್ಳು ಚುಚ್ಚಿದೆ ಎಂದರೆ ಆಗುತ್ತಿತ್ತು. ಆದರೆ ಒಂದು ಹಗಲು, ಒಂದು ರಾತ್ರಿ ಒಬ್ಬಳೇ ಹೆದರಿ ಹೆದರಿ ಸುಸ್ತಾಗಿದ್ದೆ. ಅಳು ಒತ್ತರಿಸಿ ಬಂತು. ಚೀಟಿ, ಉಣ್ಣೆ, ಹುಡುಗಿಯರ ನಗು, ಅಂಚಿನಲ್ಲಿ ನಡೆದದ್ದು, ನೋಡಿಯಾಯಿತು ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಬಚ್ಚಲ ಕಟ್ಟೆಯ ಮೇಲೆ ಕವುಚಿ ಮಲಗಿ ಕಾಲು ತೋರಿಸಿದೆ.

ಅಜ್ಜಿ ಬಗ್ಗಿ ನೋಡಿದಳು.

“ಇದಾ? ಇದು ಉಣುಗು ಕಣೇ!”

“ಮಿಸ್ಸಮ್ಮ ಉಣ್ಣೆ ಅಂದ್ರು.”

“ಉಣ್ಣೆ ಅಂತೆ! ಉಣುಗು ಅಂತ ಬರ್ದು ಕಳ್ಸಿದ್ರೆ ನಮಗೆ ಗೊತ್ತಾಯ್ತಿರ್ಲಿಲ್ವಾ?” ಅಷ್ಟು ಹೇಳಿದವಳಿಗೆ ನಗು ಶುರುವಾಯಿತು. ಬಚ್ಚಲ ಗೋಡೆ ಹಿಡಿದುಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗುತ್ತಲೇ ಅಂಗಡಿಯ ಕಡೆಗೆ ಕೂಗಿದಳು. “ಬಾರೋ ಇಲ್ಲಿ! ನೀನು ಒಂದು ಹಿಡಿ ಕೇಳಿದ್ಯಲ್ಲ, ಒಂದು ಕಾಳು ತಂದವಳೆ ನಿನ್ನ ಮಗಳು. ಬಂದು ಎಳೆ ನೋಡೋ!”

ಅಪ್ಪ ಓಡಿ ಬಂದರು. ವಿಷಯ ತಿಳಿದು ಅವರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅಜ್ಜಿ ಸುಣ್ಣ ತರಲು ಹೇಳಿದಳು. ತವರಿನಲ್ಲಿ ದನಗಳಿಗೆ ಹಾಗೇ ಮಾಡುತ್ತಿದ್ದರಂತೆ, ಸುಣ್ಣ ಹಚ್ಚಿದರೆ ಸಾಕಂತೆ, ತಾನೇ ಬೀಳುತ್ತದಂತೆ. ಇಲ್ಲದಿದ್ದರೆ ಸೀಮೆಎಣ್ಣೆ. ಅದೂ ಇಲ್ಲದಿದ್ದರೆ ಊದುಬತ್ತಿಯ ಕೆಂಡ. ನಾನು ಕವುಚಿ ಮಲಗಿದಲ್ಲಿಂದಲೇ ಕಿರುಚಿದೆ.

“ಬೇಡ! ಸುಣ್ಣ ಹಚ್ಚಬಾರದು, ಸುಡಬಾರದು ಅಂದಿದ್ದಾರೆ ಮಿಸ್ಸಮ್ಮ. ಅದಕ್ಕೆ ಕಾಟ ಕೊಟ್ರೆ ಕುಡಿದದ್ದನ್ನ ಮೈಯೊಳಗೇ ಕಕ್ಕುತ್ತೆ. ಚಿಮಟ ತಗೊಂಡು, ಚರ್ಮಕ್ಕೆ ಹತ್ತಿರ ಹಿಡಿದು, ನೆಟ್ಟಗೆ, ನಿಧಾನವಾಗಿ ಎಳೀಬೇಕು. ತಿರುಚಬಾರದು. ಹಿಸುಕಬಾರದು.”

ಇಷ್ಟು ಧೈರ್ಯವಾಗಿ ನಾನು ಅಜ್ಜಿಗೆ ಎಂದೂ ಹೇಳಿದ್ದಿಲ್ಲ. ಅಜ್ಜಿ ಅಪ್ಪನ ಮುಖ ನೋಡಿದಳು, ಅಪ್ಪ ಅಜ್ಜಿಯ ಮುಖ ನೋಡಿದರು. ಕಂಬಳಿಯಲ್ಲಿ ಸಿಕ್ಕಿಕೊಂಡ ಮುಳ್ಳು, ಕಸ ಆರಿಸಲು ಅಂಗಡಿಯಲ್ಲಿ ಸಣ್ಣ ಮೂತಿಯ ಒಂದು ಚಿಮಟ ಇತ್ತು. ಅಪ್ಪ ಅದನ್ನು ತಂದು ಬಿಸಿನೀರಿನಲ್ಲಿ ತೊಳೆದರು. ಹಿತ್ತಲಿನ ಬಿಸಿಲಿನಲ್ಲಿ ನನ್ನನ್ನು ಮಲಗಿಸಿದರು. ಚಿಮಟ ಹಿಡಿದದ್ದು ಅಜ್ಜಿ. ಅಪ್ಪ ನನ್ನ ಪಾದ ಹಿಡಿದುಕೊಂಡು ಮುಖ ಆಚೆ ತಿರುಗಿಸಿದರು.

“ಹತ್ತಿರ ಹಿಡಿದ್ಯಾ ಅಜ್ಜಿ?”

“ಹಿಡ್ದಿವ್ನಿ, ಸುಮ್ಕಿರು.”

“ತಿರುಚಬೇಡ.”

“ನಂಗೇ ಪಾಠ ಹೇಳ್ತಾಳೆ ಇವ್ಳು.”

ಚರ್ಮ ಸ್ವಲ್ಪ ಮೇಲೆದ್ದಂತಾಗಿ, ಚಿಟ್ಟೆಂದು ಬಿಟ್ಟಿತು. ಪೂರ್ತಿ ಬಂದಿತ್ತು, ಬಾಯಿಯ ಸಮೇತ. ಮೈಗೆ ಹಚ್ಚಬಾರದ ಸೀಮೆಎಣ್ಣೆಯನ್ನು ಒಂದು ಶೀಶೆಗೆ ಹಾಕಿ ಹುಳವನ್ನು ಅದರಲ್ಲಿ ಮುಳುಗಿಸಿದೆವು. ಗಾಯಕ್ಕೆ ಸೋಪು ಹಾಕಿ ತೊಳೆದು, ಆಮೇಲೆ ಅಜ್ಜಿ ತನ್ನ ಕೈಯನ್ನೂ ತೊಳೆದುಕೊಂಡಳು. ನಗು ಎಲ್ಲ ಆಗ ಮುಗಿದಿತ್ತು.

“ಉಣುಗು ಕಚ್ಚಿದ್ದು ತಪ್ಪಲ್ಲ. ಒಂದು ದಿನ ಅದನ್ನ ಮುಚ್ಚಿಟ್ಟೆ ನೋಡು, ಅದು ತಪ್ಪು” ಎಂದಳು. “ಎಷ್ಟು ದಿನದೊಳಗೆ ಜ್ವರ ಬರ್ಬೋದಂತೆ?”

“ಹದಿನೈದು ದಿನ ನೋಡ್ಬೇಕು ಅಂದಿದ್ರು.”

“ಸರಿ. ಅದಿನೈದು ದಿನ ನೋಡಾಣ. ಬಂತೋ, ನಿನ್ನ ಸ್ಕೂಲು ಮುಗೀತು. ಬರ್ದೇ ಇದ್ರೆ ಆಮೇಲೆ ಯೋಚ್ನೆ ಮಾಡ್ತೀನಿ.”

ಅಂದಿನಿಂದ ಹೊಸ ಪದ್ಧತಿ ಶುರುವಾಯಿತು. ಅದುವರೆಗೆ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅಜ್ಜಿ ನನ್ನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಮೂರು ಬೆರಳು, ಒಂದೇ ಎಳೆತ, ಮುಗಿಯಿತು. ಈಗ ಹಚ್ಚಿದ ಮೇಲೆ ಅಂಗೈಯನ್ನು ನನ್ನ ಕೆನ್ನೆಗೂ ಕತ್ತಿಗೂ ಇಟ್ಟು, ಕಣ್ಣು ಮುಚ್ಚಿ, ಅಂಗಡಿಯಲ್ಲಿ ಅಪ್ಪ ಕಂಬಳಿಯ ನೇಯ್ಗೆ ಪರೀಕ್ಷಿಸುವಂತೆ ಪರೀಕ್ಷಿಸುತ್ತಿದ್ದಳು. ಅಂಗೈ ತೆಗೆಯುವವರೆಗೂ ನನಗೆ ಉಸಿರಿಲ್ಲ. “ಊಂ, ಓಗು” ಎಂದರೆ ಆ ದಿನಕ್ಕೆ ಸ್ಕೂಲು ಉಂಟು. ಆರನೆಯ ದಿನ ನಾನು ಜಾಣತನ ಮಾಡಿದೆ. ಮೊದಲೇ ಒದ್ದೆ ಬಟ್ಟೆಯಿಂದ ಮುಖ, ಕತ್ತು ಒರೆಸಿಕೊಂಡು ಹೋಗಿ ನಿಂತೆ. ಅಜ್ಜಿ ಬೆಚ್ಚಿ ಕೈ ಹಿಂದಕ್ಕೆಳೆದಳು.

“ಇದೇನೇ, ಕಪ್ಪೆ ಮುಟ್ಟಿದಂಗದೆ! ಓಗಿ ಒರೆಸ್ಕೊಂಡು ಬಾ, ಕಳ್ಳಿ.”

ಒಂಬತ್ತನೆಯ ದಿನ ಬಚ್ಚಲ ಒಲೆಯ ಮುಂದೆ ಕೂತು ಎದ್ದು ಬಂದಿದ್ದೆ. ಕೆನ್ನೆ ಸುಡುತ್ತಿತ್ತು. ಅಜ್ಜಿಯ ಮುಖ ಬದಲಾಯಿತು. ನನ್ನನ್ನು ಗಾಳಿಯಲ್ಲಿ ಕೂರಿಸಿ, ತಾನು ಎದುರಿಗೆ ಕೂತು, ಎರಡು ಸಲ, ಮೂರು ಸಲ ಮುಟ್ಟಿ ನೋಡಿದಳು. ಆ ಅರ್ಧ ಗಂಟೆ ಅವಳು ಬಾಯಲ್ಲಿ ಶಿವ ಶಿವ ಎನ್ನುತ್ತಲೇ ಇದ್ದಳು. ಕೆನ್ನೆ ತಣ್ಣಗಾಯಿತು. ನನ್ನನ್ನು ಸ್ಕೂಲು ಬಿಡಿಸಲು ಅವಳಿಗೆ ಅಷ್ಟು ಒಳ್ಳೆಯ ಕಾರಣ ಮತ್ತೆ ಸಿಗುತ್ತಿರಲಿಲ್ಲ. ಆದರೂ ಕೆನ್ನೆ ತಣ್ಣಗಾದಾಗ ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ದಿನ ಅವಳನ್ನು ನನ್ನ ಶತ್ರು ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಹದಿನೈದು ದಿನ ಕಳೆಯಿತು. ಜ್ವರ ಬರಲಿಲ್ಲ. ಅಜ್ಜಿ ಯೋಚನೆ ಮಾಡಿದ್ದಳೋ ಇಲ್ಲವೋ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಶೀಶೆಯ ಹುಳವನ್ನು ನಾನು ಮಿಸ್ಸಮ್ಮನಿಗೆ ಕೊಟ್ಟು, ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡಿದ್ದೆ. ಅವರು ಬೈದು, ಆಮೇಲೆ ಅಜ್ಜಿಯ ಉಣುಗು ಎಂಬ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಮುಂದಿನ ಚೀಟಿ ಬಂತು. ಅಪ್ಪ ಓದಿದರು.

“ಶನಿವಾರ ಕುಕ್ಕರಹಳ್ಳಿ ಕೆರೆಯ ಕಡೆಗೆ. ಅಲ್ಲಿ ಉಣ್ಣೆ ಉಂಟು. ಉಣ್ಣೆ ಎಂದರೆ ಉಣುಗು. ಕಂಬಳಿ ಬೇಡ.”

“ಕಂಬಳಿ ಬೇಡ” ಎಂದು ಸರ್ಕಾರಿ ಕಾಗದದ ಗತ್ತಿನಲ್ಲಿ ಬರೆದದ್ದಕ್ಕೆ ಅಪ್ಪ ಬಹಳ ನೊಂದುಕೊಂಡರು. ಅಜ್ಜಿ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಕೇಳಿದಳು. ಏಳು ಗಂಟೆಗೆ ಎಂದೆ.

“ನಾನೂ ಬತ್ತೀನಿ. ಆ ಮಿಸ್ಸಮ್ಮ ಯಾರು ಅಂತ ನೋಡ್ಬೇಕು.”

ಮಿಸ್ಸಮ್ಮನ ಮುಖದ ಮೇಲೇ ಸ್ಕೂಲು ಬಿಡಿಸುತ್ತೇನೆ ಎಂದು ಹೇಳಲು ಬರುತ್ತಿದ್ದಾಳೆ ಎಂದುಕೊಂಡೆ. ಶನಿವಾರ ಅಜ್ಜಿ ಅಮ್ಮನ ಬಿಳಿ ಸೀರೆ ಉಟ್ಟು, ಸೆರಗು ಬಿಗಿದು, ಅಂಚನ್ನು ಕಣಕಾಲಿಗೆ ಲಾಡಿಯಿಂದ ಕಟ್ಟಿಕೊಂಡು ಹೊರಟಳು. ಲಕ್ಷ್ಮೀಪುರಂ ದಾಟಿ ಕೆರೆಯ ಏರಿ ಸಿಕ್ಕುವವರೆಗೂ ಮಿಸ್ಸಮ್ಮನನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಏರಿಯ ಪಕ್ಕದ ಹುಲ್ಲು ಕಂಡದ್ದೇ ತಡ, ದಾರಿ ಬಿಟ್ಟು ಅದರೊಳಗೆ ಇಳಿದಳು.

“ಅಮ್ಮಾ, ದಾರಿ ಮಧ್ಯದಲ್ಲೇ ನಡೀರಿ!” ಎಂದರು ಮಿಸ್ಸಮ್ಮ, ನಮಗೆ ಹೇಳುವ ದನಿಯಲ್ಲೇ.

ನಮ್ಮ ಅಜ್ಜಿಗೆ ಯಾರಾದರೂ ಹಾಗೆ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅವಳು ತಿರುಗಿ ನೋಡಿದಳು. ಆಮೇಲೆ ಸೀರೆ ಕೊಡವಿಕೊಂಡು ದಾರಿಗೆ ಬಂದು ನಮ್ಮ ಸಾಲಿನಲ್ಲಿ ಸೇರಿದಳು.

ಸ್ವಲ್ಪ ದೂರ ಹೋದ ಮೇಲೆ ಮಿಸ್ಸಮ್ಮ, “ನಿಮಗೆ ಉಣುಗಿನ ವಿಷಯ ಚೆನ್ನಾಗಿ ಗೊತ್ತಂತಲ್ಲ, ಮಕ್ಕಳಿಗೆ ಹೇಳ್ತೀರಾ?” ಎಂದು ಕೇಳಿದರು. ಅಜ್ಜಿ ಮೊದಲು ಬೇಡ ಎಂದಳು. ಆಮೇಲೆ ಕೋಲಿನಿಂದ ತೋರಿಸುತ್ತ ಹೇಳತೊಡಗಿದಳು. ದನ ಓಡಾಡುವ ಜಾಡು ಯಾವುದು, ಅದರ ಅಂಚಿನ ಹುಲ್ಲಿನ ತುದಿಯಲ್ಲೇ ಉಣುಗು ಏಕೆ ಕೂರುತ್ತದೆ, ಕರುವಿನ ಕಿವಿಯ ಒಳಗೆ ಹೇಗೆ ಹುಡುಕಬೇಕು. ತವರಿನಲ್ಲಿ ಏಳೆಂಟು ಕರುಗಳನ್ನು ನೋಡಿಕೊಳ್ಳುವುದು ತನ್ನ ಪಾಲಿಗಿತ್ತು ಎಂದಳು. ಮದುವೆಯಾಗಿ ಮೈಸೂರಿಗೆ ಬಂದಾಗ ತನಗೆ ಹತ್ತು ವರ್ಷ, ಆಮೇಲೆ ಹುಲ್ಲು ಕಂಡದ್ದು ಗಾಡಿಯ ಮೇಲಿಂದ ಮಾತ್ರ ಎಂದಳು. ಅದನ್ನು ದುಃಖದಿಂದ ಹೇಳಲಿಲ್ಲ. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಹುಡುಗಿಯರು ನನ್ನನ್ನು ಬಿಟ್ಟು ಅವಳ ಹಿಂದೆ ಓಡುತ್ತಿದ್ದರು.

ಸ್ಕೂಲಿಗೆ ಹಿಂದಿರುಗಿ ಬಾಗಿಲು ಹಾಕಿ ಎಲ್ಲರೂ ಜೋಡಿಯಾದೆವು. ನನ್ನ ಜೋಡಿ ಅಜ್ಜಿ. ಅವಳು ನನ್ನ ಕಿವಿ, ಕತ್ತು, ಮಂಡಿ ಎಲ್ಲ ನೋಡಿ ಮುಗಿಸಿ, ಬೆಂಚಿನ ಮೇಲೆ ಕೂತು ತನ್ನ ತಲೆ ಬಗ್ಗಿಸಿದಳು.

“ನಂದೂ ನೋಡು.”

ನಾನು ಅವಳ ಬಿಳಿ ಕೂದಲನ್ನು ಬಿಡಿಸಿ ಬಿಡಿಸಿ ನೋಡಿದೆ. ಕಿವಿಯ ಹಿಂದೆ, ಕತ್ತಿನ ಸುಕ್ಕಿನಲ್ಲಿ ನೋಡಿದೆ.

“ಒಂದೂ ಇಲ್ಲ ಅಜ್ಜಿ.”

“ಒಂದೂ ಇಲ್ವಾ?” ಎಂದಳು, ಸ್ವಲ್ಪ ನಿರಾಶೆಯಾದವಳಂತೆ. ಸೆರಗು ಸರಿಮಾಡಿಕೊಂಡು, ಮಿಸ್ಸಮ್ಮನ ಕಡೆ ಒಮ್ಮೆ ನೋಡಿ, ನನ್ನನ್ನು ಮೆಲ್ಲಗೆ ಕೇಳಿದಳು. “ಮುಂದಿನ ಕ್ಲಾಸಿನೋರ್ನ ಎಲ್ಲಿಗೆ ಕರ್ಕೊಂಡೋಯ್ತಾರಂತೆ?”

“ಮುಂದಿನ ಕ್ಲಾಸಾ?”

“ಊಂ ಕಣೇ. ಬರೋ ವರ್ಸ ನೀನು ಓಗ್ಬೇಕಲ್ಲ, ಅದು.”

ನನ್ನ ಕಣ್ಣು ತುಂಬಿ ಹರಿಯಿತು. ಅಜ್ಜಿ ಗಾಬರಿಯಾಗಿ ಎದ್ದು, “ಎಲ್ಲಿ? ಎಲ್ಲಿ ಕಚ್ತು?” ಎನ್ನುತ್ತ ನನ್ನ ತೋಳನ್ನು ತಿರುಗಿಸಿ ತಿರುಗಿಸಿ ಹುಡುಕತೊಡಗಿದಳು.